ಖಾರಕ್ಕೆ ರುಚಿಯೆನ್ನಬಹುದೆ?

ಕಳೆದ ವಾರ ತರಗತಿಯಲ್ಲಿ ಷಡ್ರಸಗಳ ಮಾತು ಬಂತು. ಮಧುರ, ಆಮ್ಲ, ಲವಣ, ಕಟು, ತಿಕ್ತ, ಕಷಾಯ ಎಂದು ಹಲಗೆಯ ಮೇಲೆ ಬರೆದು, ಕಟುವೆಂದರೆ ಖಾರ, ತಿಕ್ತವೆಂದರೆ ಕಹಿ, ಇವೆರಡನ್ನು ಅದಲುಬದಲು ಮಾಡಬೇಡಿರಿ ಎಂದು ಎಂದಿನ ಎಚ್ಚರಿಕೆಯನ್ನು ಹೇಳುತ್ತಿದ್ದೆ. ಹಿಂದಿನ ಬೆಂಚಿನಿಂದ ಒಬ್ಬ ವಿದ್ಯಾರ್ಥಿ ಎದ್ದು, "ಸಾರ್, ಖಾರವು ರುಚಿಯೇ ಅಲ್ಲವೆಂದು ನಮ್ಮ ಜೀವಶಾಸ್ತ್ರದ ಮೇಷ್ಟರು ಹೇಳಿದರು" ಎಂದ. ತರಗತಿ ನಕ್ಕಿತು. ನಾನೂ ನಕ್ಕೆ, ಆದರೆ ಗಂಟೆ ಹೊಡೆದೊಡನೆ ಆ ಮೇಷ್ಟರನ್ನು ಹುಡುಕಿಕೊಂಡು ಹೋದೆ. ಕನ್ನಡ ಪಂಡಿತನಾದರೇನು, ಊಟದ ವಿಷಯದಲ್ಲಿ ಅಜ್ಞಾನ ಸಲ್ಲದಷ್ಟೆ!

ಹುಡುಗನ ಮಾತು ನಿಜ. ನಾಲಿಗೆಯ ರುಚಿಮೊಗ್ಗುಗಳು ಗುರುತಿಸುವುದು ಸಿಹಿ, ಹುಳಿ, ಉಪ್ಪು, ಕಹಿಗಳನ್ನು. ಇವುಗಳೊಡನೆ ಜಪಾನೀಯರು 'ಉಮಾಮಿ' ಎಂದು ಹೆಸರಿಟ್ಟ, ಅಣಬೆ ಟೊಮೇಟೊಗಳಲ್ಲಿ ಸಿಕ್ಕುವ ಇನ್ನೊಂದನ್ನು. ಖಾರ ಈ ಪಂಕ್ತಿಯಲ್ಲಿಲ್ಲ. ಅದರ ಸುದ್ದಿಯನ್ನು ಒಯ್ಯುವುದು ಬೇರೆಯದೇ ಒಂದು ನರ. ಮುಖದ ಮೇಲಿನ ಸ್ಪರ್ಶ, ಶಾಖ, ಕಡೆಗೆ ಹಲ್ಲುನೋವನ್ನು ಕೂಡ ಮಿದುಳಿಗೆ ಮುಟ್ಟಿಸುವ ನರ ಅದು. ಪ್ರಮಾಣ ಬೇಕೆನ್ನುವವರು ಅಡಿಗೆಮನೆಗೆ ಹೋಗಬಹುದು. ಬೆಲ್ಲವನ್ನು ಅಂಗೈಗೆ ತಿಕ್ಕಿಕೊಂಡರೆ ಅಂಗೈಗೆ ಸಿಹಿಯಾದೀತೆ? ಹಸಿಮೆಣಸಿನಕಾಯಿ ಹೆಚ್ಚಿದ ಕೈ ಮಾತ್ರ ರಾತ್ರಿಯೆಲ್ಲ ಉರಿಯುತ್ತದೆ. ನಮ್ಮ ಮನೆಯಾಕೆಗೆ ಇದನ್ನು ಹೇಳಿದಾಗ, "ಇದಕ್ಕೆ ಕಾಲೇಜಿಗೆ ಹೋಗಬೇಕಿತ್ತೆ?" ಎಂದಳು.

ನೋವು, ಶಾಖಗಳನ್ನು ತಿಳಿಸುವ ನರತಂತುವಿನ ತುದಿಯಲ್ಲಿ ಕಣ್ಣಿಗೆ ಕಾಣದ ಬಾಗಿಲುಗಳಿವೆ. ಸುಮಾರು ೪೩ ಡಿಗ್ರಿ ಸೆಲ್ಸಿಯಸ್ಸಿಗಿಂತ ಮೇಲಿನ ಬಿಸಿ ತಾಕಿದರೆ ಬಾಗಿಲು ತೆರೆಯುತ್ತದೆ, ಲವಣದ ವಿದ್ಯುತ್ಕಣಗಳು ಒಳನುಗ್ಗುತ್ತವೆ, ತಂತುವಿನುದ್ದಕ್ಕೂ ವಿದ್ಯುತ್ತಿನ ಮಿಡಿತವೊಂದು ಹೊರಡುತ್ತದೆ. ಮೆಣಸಿನಕಾಯಿಯಲ್ಲಿರುವ ಕ್ಯಾಪ್ಸೈಸಿನ್ ಎಂಬ ವಸ್ತು ಕಳ್ಳಕೀಲಿಯಂತೆ ಇದೇ ಬಾಗಿಲನ್ನು ತೆರೆಯಬಲ್ಲದು. (ಅದು ಹೆಚ್ಚಾಗಿರುವುದು ಬೀಜದಲ್ಲಲ್ಲ, ಬೀಜ ಅಂಟಿಕೊಂಡಿರುವ ಬಿಳಿಯ ತಿರುಳಿನಲ್ಲಿ.) ೧೯೯೭ರಲ್ಲಿ ಈ ಬಾಗಿಲನ್ನು ಪತ್ತೆಮಾಡಿದವರು ಕ್ಯಾಲಿಫೋರ್ನಿಯದ ಡೇವಿಡ್ ಜೂಲಿಯಸ್ ಮತ್ತು ಅವರ ಸಂಗಡಿಗರು, ೨೦೨೧ರ ನೊಬೆಲ್ ಬಹುಮಾನದಲ್ಲಿ ಜೂಲಿಯಸ್ಸರಿಗೆ ಪಾಲು ದೊರೆಯಿತು. ಪೋರ್ಚುಗೀಸರ ಹಡಗಿನಲ್ಲಿ ಮೆಣಸಿನಕಾಯಿ ಬರುವುದಕ್ಕೆ ಮುಂಚೆ ನಮ್ಮವರ ಕಟುರಸಕ್ಕೆ ಆಧಾರವಾಗಿದ್ದ ಕರಿಮೆಣಸು, ಶುಂಠಿಗಳು ತಟ್ಟುವುದೂ ಇದೇ ಬಾಗಿಲನ್ನೇ.

ಬೆಂಕಿಯಿಲ್ಲದೆಯೂ ಉರಿಯೇಕೆ? ನರವೆಂಬ ದೂತನಿಗೆ ಬರುವುದು ಒಂದೇ ಮಾತು. ಜರ್ಮನಿಯ ಯೊಹಾನ್ನೆಸ್ ಮ್ಯುಲ್ಲರ್ ೧೮೨೬ರಲ್ಲಿಯೇ ಇದನ್ನು ಕಂಡಿದ್ದನು. ಕತ್ತಲೆಯಲ್ಲಿ ಮುಚ್ಚಿದ ಕಣ್ಣನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿ, ಬೆಳಕು ಕಾಣುತ್ತದೆ. ಒತ್ತಿದ್ದು ಬೆರಳು, ಆದರೆ ದೃಷ್ಟಿನರಕ್ಕೆ 'ಬೆಳಕು' ಎಂಬುದರ ಹೊರತು ಇನ್ನಾವ ಮಾತೂ ತಿಳಿಯದು. ಅಂತೆಯೇ ಶಾಖದ ನರವು 'ಸುಟ್ಟಿತು' ಎನ್ನುತ್ತದೆ. ಮಿದುಳು ನಂಬಿ ಮೈಯನ್ನು ತಂಪಾಗಿಸಲು ಬೆವರು ಹರಿಸುತ್ತದೆ. ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವಂಥದಲ್ಲವಾದ್ದರಿಂದ ಎಷ್ಟು ಲೋಟ ನೀರು ಕುಡಿದರೂ ಉರಿ ಹೋಗದು. ಹಾಲು, ಮೊಸರುಗಳೇ ಗತಿ. ಖಾರದ ಮೇಲೆ ಕುಡಿದ ಕಾಫಿ ಮತ್ತಷ್ಟು ಸುಡುವುದೇಕೆಂದರೆ ಬಾಗಿಲು ಆಗ ಕಡಿಮೆ ಬಿಸಿಗೂ ತೆರೆದುಕೊಳ್ಳುತ್ತದೆ. ಭಾಷೆಯ ಜಾಣತನವನ್ನು ನೋಡಿ: ಖಾರವೆಂಬ ಮಾತೇ ಕ್ಷಾರದ ತದ್ಭವ, ಮತ್ತು ಕ್ಷಾರ ಸುಡುವ ಗುಣದ್ದು.

ಈ ದೂತರ ವೇಗವೂ ಒಂದೇ ಸಮನಲ್ಲ. ಮ್ಯುಲ್ಲರನು ನರದ ವೇಗ ಅಳೆಯಲಾರದ್ದೆಂದು ಭಾವಿಸಿದ್ದನು. ಅವನ ಶಿಷ್ಯ ಹೆಲ್ಮ್‌ಹೋಲ್ಟ್ಸ್ ೧೮೫೦ರಲ್ಲಿ ಕಪ್ಪೆಯ ನರದಲ್ಲಿ ಅಳೆದೇಬಿಟ್ಟ. ಸಿಕ್ಕಿದ್ದು ಸೆಕೆಂಡಿಗೆ ಸುಮಾರು ೨೭ ಮೀಟರ್. ನಮ್ಮಲ್ಲಿ ಚುರುಕು ನೋವಿನ ತಂತುಗಳು ಸೆಕೆಂಡಿಗೆ ೫ರಿಂದ ೩೦ ಮೀಟರ್ ಓಡಿದರೆ, ಮಂದ ನೋವಿನ ತಂತುಗಳದು ಸುಮಾರು ಒಂದೇ ಮೀಟರ್. ಹೊಸಿಲಿಗೆ ಕಾಲ್ಬೆರಳು ಎಡವಿದಾಗ ಮೊದಲು ಚುಳ್ಳೆಂದು, ಒಂದು ಉಸಿರಿನ ಬಳಿಕ ಆಳದ ನೋವು ಬರುವುದು ಇದರಿಂದಲೇ.

ಇಷ್ಟನ್ನು ನಾನು ಕೇವಲ ಕುತೂಹಲದಿಂದ ಕೇಳಿ ತಿಳಿದೆನೆಂದರೆ ಪೂರ್ತಿ ನಿಜವಾಗದು. ನಮ್ಮ ತಂದೆಯವರಿಗೆ ಇಪ್ಪತ್ತು ವರ್ಷದಿಂದ ಮಧುಮೇಹವಿದೆ. ಹೋದ ಚಳಿಗಾಲದ ಒಂದು ಸಂಜೆ ಅವರು ಬೋಗುಣಿಯ ಬಿಸಿನೀರಿನಲ್ಲಿ ಕಾಲಿಟ್ಟುಕೊಂಡು ಪತ್ರಿಕೆ ಓದುತ್ತಿದ್ದರು. ತಾಯಿ ಬಂದು, ನೀರು ಆರಿತೇನೋ ಎಂದು ಬೆರಳದ್ದಿದವರು ಹಾ ಎಂದು ಕೈ ಹಿಂತೆಗೆದರು. ತಂದೆಯವರು ತಲೆಯೆತ್ತಿ, "ಏನಾಯಿತೇ?" ಎಂದು ಕೇಳಿದರು. ಅವರ ಎರಡು ಪಾದಗಳಲ್ಲೂ ಬೊಬ್ಬೆ ಎದ್ದಿತ್ತು.

ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಏರಿ ನಿಂತರೆ ಮೊದಲು ಬಳಲುವುದು ಅತಿ ಉದ್ದದ ತಂತುಗಳು. ಬೆನ್ನುಹುರಿಯ ಪಕ್ಕದಿಂದ ಕಾಲ್ಬೆರಳಿನವರೆಗೆ ಒಂದೊಂದೂ ಹೆಚ್ಚುಕಡಮೆ ಒಂದು ಮೀಟರ್ ಉದ್ದ. ಕಾಲುಚೀಲ ತೊಟ್ಟಷ್ಟು ಭಾಗ ಮೊದಲು ಮಂಕಾಗುತ್ತದೆ. ವೈದ್ಯರು ತಂದೆಯವರಿಗೆ ಕಣ್ಣು ಮುಚ್ಚಲು ಹೇಳಿ, ನೈಲಾನಿನ ಒಂದು ಎಳೆಯನ್ನು ಅಂಗಾಲಿನ ಅಲ್ಲಲ್ಲಿಗೆ ಒತ್ತುತ್ತ, ಮುಟ್ಟಿದಾಗ ಹೇಳಿರೆಂದರು. ತಂದೆಯವರು ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಗಣಿತ ಕಲಿಸಿದವರು. ಪರೀಕ್ಷೆಯಲ್ಲಿ ಸುಮ್ಮನಿರುವುದು ಅವರಿಗೆ ಆಗದು. ಎಳೆ ಕಾಲಿಗೆ ಸೋಕದಿದ್ದಾಗಲೂ "ಹೂಂ, ಈಗ" ಎನ್ನುತ್ತಿದ್ದರು. ನಾನು ಕಿಟಕಿಯ ಕಡೆಗೆ ತಿರುಗಿಕೊಂಡೆ.

ಗಾಯ ಮಾಯಲು ಎರಡೂವರೆ ತಿಂಗಳು ಹಿಡಿಯಿತು. ಈಗ ಅವರು ಮನೆಯೊಳಗೂ ಚಪ್ಪಲಿ ಬಿಡುವುದಿಲ್ಲ; ಸ್ನಾನದ ನೀರನ್ನು ತಾಯಿಯವರು ಮೊಣಕೈಯಿಂದ ನೋಡಿದ ಮೇಲೆಯೇ ಒಳಹೋಗುವುದು. ನಾಲಿಗೆಯ ನರ ಗಿಡ್ಡದು, ಚುರುಕಾಗಿಯೇ ಇದೆ. ಮೊನ್ನೆ ಕೆಂಪು ಚಟ್ನಿ ಕಲಸಿಕೊಂಡು ಕಣ್ಣೀರು ಒರೆಸಿಕೊಳ್ಳುತ್ತ, "ಉರೀತದೆ ಕಣೋ" ಎಂದು ಮಗುವಿನಂತೆ ಹಿಗ್ಗಿದರು. ಊಟವಾದ ಮೇಲೆ ದಿನದಂತೆ ಅವರ ಕಾಲುಗಳನ್ನು ಮಡಿಲಿಗೆಳೆದುಕೊಂಡು, ಟಾರ್ಚಿನ ಬೆಳಕಿನಲ್ಲಿ ಅಂಗಾಲುಗಳನ್ನು ಬೆರಳು ಬೆರಳಿನ ನಡುವೆಯೂ ನೋಡಿದೆ. ಏನೂ ಆಗಿರಲಿಲ್ಲ.