ಕೊಳವೆಗೊಂದು ಸೀಳು, ವರ್ಕ್‌ಶಾಪಿಗೊಂದು ಕೆಲಸ

ಎಂಜಿನಿಯರಿಂಗ್ ಮೊದಲ ವರ್ಷದ ವರ್ಕ್‌ಶಾಪಿನಲ್ಲಿ ವಿ-ಜಾಯಿಂಟ್ ಮಾಡಿದವರಿಗೆಲ್ಲ ಒಂದು ಪ್ರಶ್ನೆ. ವಾರಗಟ್ಟಲೆ ಅರ ಹಾಕಿ ಉಜ್ಜಿ, ಅಂಗೈಯಲ್ಲಿ ಬೊಬ್ಬೆ ಬರಿಸಿಕೊಂಡು ಮಾಡಿದ ಆ ಎರಡು ಕಬ್ಬಿಣದ ತುಂಡುಗಳು ಕೊನೆಗೆ ಏನಾದವು? ನಾನು ಓದಿದಲ್ಲಿ ಗುಜರಿಗೆ ಹೋದವು. ಮಾರ್ಕ್ಸ್ ಬಂತು, ಕಥೆ ಮುಗೀತು.

ನನ್ನ ವಾದ ಇಷ್ಟೇ. ಆ ವಿ-ಜಾಯಿಂಟ್ ಬದಲು ಹುಡುಗರ ಕೈಗೆ ಒಂದು ಗೇಣು ಪೈಪ್ ಕೊಟ್ಟು, ಸೀಳಿದ ಕೊಳವೆಯ ಟ್ವೀಟರ್ ಮಾಡಿಸಬೇಕು. ನಗಬೇಡಿ, ಪೂರ್ತಿ ಓದಿ :-)

ಟ್ವೀಟರ್ ಅಂದರೆ ಸ್ಪೀಕರಿನಲ್ಲಿ ತಾರ ದನಿಗಳನ್ನು ನೋಡಿಕೊಳ್ಳುವ ಪುಟ್ಟ ಭಾಗ. ಅದಕ್ಕೆ ಹಾರ್ನ್ ಜೋಡಿಸಿದರೆ ಅಷ್ಟೇ ಕರೆಂಟಿಗೆ ದನಿ ಜೋರಾಗುತ್ತದೆ. ಜಾತ್ರೆಯಲ್ಲಿ ಮರಕ್ಕೆ ಕಟ್ಟಿದ ಹಾರ್ನ್ ಮೂರು ಬೀದಿ ಆಚೆ ಕೇಳುವುದು ಇದರಿಂದಲೇ. ಆದರೆ ಸರಿಯಾದ ಹಾರ್ನ್ ಮಾಡುವುದು ಮನೆಯಲ್ಲಿ ಆಗುವ ಮಾತಲ್ಲ. ಒಳಗಿನ ತಿರುವು ಲೆಕ್ಕದ ಪ್ರಕಾರ ಹಿಗ್ಗಬೇಕು, ಅದಕ್ಕೆ ಅಚ್ಚು ಬೇಕು. ಇಲ್ಲಿ ಬರುತ್ತಾರೆ ಅಮೆರಿಕದ ಜಾನ್ ಕಾರ್ಲ್‌ಸನ್. 1950ರ ದಶಕದಲ್ಲಿ ಮುಂಭಾಗದಲ್ಲಿ ಹಿಗ್ಗುವ ಸೀಳಿರುವ ಸ್ಪೀಕರ್ ಪೆಟ್ಟಿಗೆ ಮಾಡಿ ಹೆಸರಾದವರು. ಅದೇ ಯೋಚನೆ ಟ್ವೀಟರಿಗೆ ಬಂದಾಗ ಪೆಟ್ಟಿಗೆ ಹೋಗಿ ಕೊಳವೆ ಬಂತು. ಕೊಳವೆಯ ಒಂದು ತುದಿಗೆ ಡ್ರೈವರ್. ಸ್ವಲ್ಪ ದೂರದಿಂದ ಸೂಜಿಮೊನೆಯಷ್ಟು ಸೀಳು ಶುರುವಾಗಿ, ಇನ್ನೊಂದು ತುದಿಗೆ ಬರುವಷ್ಟರಲ್ಲಿ ಅಗಲವಾಗಿ ಬಾಯಿ ಬಿಡುತ್ತದೆ. ಅಷ್ಟೇ!

ಇದು ಯಾಕೆ ಕೆಲಸ ಮಾಡುತ್ತದೆ? ಪಿಯುಸಿ ಭೌತಶಾಸ್ತ್ರದ ಲ್ಯಾಬ್ ನೆನಪಿಸಿಕೊಳ್ಳಿ. ನೀರಿನಲ್ಲಿ ಮುಳುಗಿಸಿದ ಕೊಳವೆ, ಮೇಲೊಂದು ಶ್ರುತಿಕವಲು. ಒಂದು ಎತ್ತರಕ್ಕೆ ಬಂದಾಗ ಕೊಳವೆ ತಟ್ಟನೆ ಹಾಡುತ್ತದೆ. ಅಂದರೆ ಪ್ರತಿ ಉದ್ದಕ್ಕೂ ತನ್ನದೇ ಪ್ರೀತಿಯ ಸ್ವರಗಳಿವೆ. 15 ಸೆಂ.ಮೀ. ಉದ್ದದ, ಒಂದು ತುದಿ ಮುಚ್ಚಿದ ಕೊಳವೆಗೆ ಮೊದಲನೆಯದು ಸುಮಾರು 570 ಹರ್ಟ್ಸ್, ಆಮೇಲೆ ಸುಮಾರು 1,140 ಹರ್ಟ್ಸ್‌ಗೊಂದರಂತೆ ಮೇಲೆ ಮೇಲೆ. ಕೊಳಲಿಗೆ ಇದು ಒಳ್ಳೆಯದು. ಸ್ಪೀಕರಿಗೆ ಶಾಪ. ಸ್ಪೀಕರಿಗೆ ಯಾವ ಸ್ವರದ ಮೇಲೂ ವಿಶೇಷ ಪ್ರೀತಿ ಇರಬಾರದು.

ಈಗ ಕೊಳಲನ್ನೇ ನೋಡಿ. ತೂತು ತೆರೆದರೆ ಕೊಳವೆ ಹೆಚ್ಚುಕಡಿಮೆ ಅಲ್ಲಿಗೇ ಮುಗಿದ ಹಾಗೆ. ಸೀಳು ಅಂದರೆ ಸಾಲಾಗಿ ಅಂಟಿಕೊಂಡ ಲೆಕ್ಕವಿಲ್ಲದಷ್ಟು ತೂತುಗಳು. ಕೊಳವೆ ಎಲ್ಲಿ ಮುಗಿಯಿತು ಅಂತ ದನಿಗೇ ಗೊತ್ತಾಗುವುದಿಲ್ಲ! ಒಂದೇ ಉದ್ದ ಇಲ್ಲದ ಮೇಲೆ ಒಂದೇ ಸ್ವರಕ್ಕೆ ಪಟ್ಟು ಹಿಡಿಯುವುದೂ ಕಡಿಮೆ. ಎಲೆಕ್ಟ್ರಾನಿಕ್ಸ್ ಓದಿದವರಿಗೆ ಇದೇನು ಹೊಸದಲ್ಲ. 1979ರಲ್ಲಿ ಗಿಬ್ಸನ್ ಪ್ರಕಟಿಸಿದ ವಿವಾಲ್ಡಿ ಆಂಟೆನಾದಲ್ಲೂ ಇದೇ ಥರ ಹಿಗ್ಗುತ್ತಾ ಹೋಗುವ ಸೀಳಿದೆ. ಪರೀಕ್ಷೆಗೆ ಅದರ ಚಿತ್ರ ಬಿಡಿಸಿದ್ದೇವೆ, ಕೈಯಲ್ಲಿ ಮಾತ್ರ ಏನನ್ನೂ ಸೀಳಿಲ್ಲ.

ನಾನು ಮೂರು ಕೊಳವೆ ಮಾಡಿದೆ. ಒಳವ್ಯಾಸ 25 ಮಿ.ಮೀ. ಇರುವ ಪಿವಿಸಿ ಪೈಪ್. ಗ್ರಾಫ್ ಹಾಳೆಯಲ್ಲಿ ಸೀಳಿನ ಆಕಾರ ಬರೆದು, ಪೈಪಿಗೆ ಸುತ್ತಿ ಅಂಟಿಸಿ, ಆಕ್ಸಾ ಬ್ಲೇಡಿನಲ್ಲಿ ಕತ್ತರಿಸಿ, ಅರದಿಂದ ಅಂಚು ನಯ ಮಾಡುವುದು. ಒಂದಕ್ಕೆ ಸೀಳೇ ಇಲ್ಲ, ಒಂದಕ್ಕೆ ನೇರ ತ್ರಿಕೋನ, ಇನ್ನೊಂದಕ್ಕೆ ಬಾಗಿದ ಗೆರೆ. ಎಸ್.ಪಿ. ರೋಡಿನಲ್ಲಿ ತಂದ 8 ಓಮ್ ಡ್ರೈವರಿಗೆ 4.7 ಮೈಕ್ರೋಫ್ಯಾರಡ್ ಕೆಪಾಸಿಟರ್ ಸರಣಿಯಲ್ಲಿ. ಲೆಕ್ಕಕ್ಕೆ ಸುಮಾರು 4,200 ಹರ್ಟ್ಸ್‌ನಿಂದ ಕೆಳಗೆ ದನಿ ತಗ್ಗುತ್ತಾ ಹೋಗುತ್ತದೆ. ಕೆಪಾಸಿಟರ್ ಇಲ್ಲದೆ ಮಾಡಲೇಬೇಡಿ, ಕೆಳದನಿ ನುಗ್ಗಿದರೆ ಒಳಗಿನ ತೆಳು ಪೊರೆ ಉಳಿಯುವುದಿಲ್ಲ. ಅಳೆಯಲು ಒಂದು ಮೈಕ್ ಮತ್ತು ಪುಕ್ಕಟೆ ಸಿಗುವ ಆರ್‌ಇಡಬ್ಲ್ಯೂ ತಂತ್ರಾಂಶ. ಸೀಳಿಲ್ಲದ ಕೊಳವೆಯ ನಕ್ಷೆ ಬಾಚಣಿಗೆ ಹಲ್ಲಿನ ಹಾಗಿತ್ತು. ಬಾಗಿದ ಸೀಳಿನದ್ದರಲ್ಲಿ ಹಲ್ಲುಗಳು ಮೊಂಡಾದವು. ಮಾಯವಾಗಲಿಲ್ಲ, ಮೊಂಡಾದವು.

ಇಲ್ಲೇ ನನಗೆ ಎರಡು ಗುಂಪಿನ ಮೇಲೂ ತಕರಾರು. ಒಂದು ಗುಂಪು ಇದನ್ನು ಮಂತ್ರದಂಡದ ಹಾಗೆ ಹೊಗಳುತ್ತದೆ, "ಕಿವಿಯೇ ಸಾಕ್ಷಿ, ಅಳತೆ ಯಾಕೆ" ಅನ್ನುತ್ತದೆ. ಸ್ವಾಮಿ, 25 ಮಿ.ಮೀ. ಕೊಳವೆಯಲ್ಲಿ ಸುಮಾರು 8,000 ಹರ್ಟ್ಸ್ ದಾಟಿದ ಮೇಲೆ ದನಿ ಉದ್ದಕ್ಕೆ ಸಾಗುವುದರ ಜೊತೆಗೆ ಅಡ್ಡಡ್ಡ ತೊನೆಯುವುದಕ್ಕೂ ಶುರು ಮಾಡಬಲ್ಲದು. ಇದು ಹೊಗಳಿಕೆಗೆ ಬಗ್ಗುವುದಿಲ್ಲ. ಇನ್ನೊಂದು ಗುಂಪು "ಅಂಗಡಿಯಲ್ಲಿ ಒಳ್ಳೆ ಹಾರ್ನ್ ಸಿಗುತ್ತಲ್ಲ, ಕೊಳ್ಳಪ್ಪ" ಅನ್ನುತ್ತದೆ. ನಿಜ, ಸಿಗುತ್ತದೆ, ಇದಕ್ಕಿಂತ ಸಮನಾಗಿ ದನಿ ಹರಡುತ್ತದೆ. ಆದರೆ ಕೊಂಡ ಹಾರ್ನನ್ನು ಅರ್ಧ ಸೆಂಟಿಮೀಟರ್ ಕೆತ್ತಿ "ಈಗ ಏನಾಯ್ತು?" ಅಂತ ಕೇಳುವ ಧೈರ್ಯ ಯಾರಿಗಿದೆ? ಪೈಪ್ ಕೆಟ್ಟರೆ ಇನ್ನೊಂದು ಗೇಣು ಪೈಪ್.

ನನಗೆ ಇದು ಬರೀ ಹವ್ಯಾಸವೂ ಅಲ್ಲ. ನಮ್ಮಪ್ಪನಿಗೆ ವಯಸ್ಸಾಯಿತು. ವಯಸ್ಸಿಗೆ ಕಿವಿ ಮೊದಲು ಕಳೆದುಕೊಳ್ಳುವುದು ತಾರ ದನಿಗಳನ್ನು. ನಮ್ಮ 'ಸ' ಅಕ್ಷರದ ಸಪ್ಪಳ ಬಹುಪಾಲು 4,000 ಹರ್ಟ್ಸ್‌ನಿಂದ ಮೇಲಿದೆ. ಅದಕ್ಕೇ ಅವರಿಗೆ ವಾರ್ತೆ "ಕೇಳುತ್ತೆ, ತಿಳಿಯಲ್ಲ". ಟಿವಿ ವಾಲ್ಯೂಮ್ ಏರಿಸಿದರೆ ಪಕ್ಕದ ಮನೆಯವರು ಗೋಡೆ ಬಡಿಯುತ್ತಾರೆ. ಸೀಳಿದ ಕೊಳವೆ ತಾರ ದನಿಯನ್ನು ಮುಖ್ಯವಾಗಿ ತನ್ನ ನೇರಕ್ಕೆ ಕಳಿಸುತ್ತದೆ. ವರದಿಗಾರರು ಹಿಡಿಯುವ ಉದ್ದ ಕಡ್ಡಿಯ ಮೈಕಿನ ಮೈತುಂಬ ಸೀಳುಗಳಿರುತ್ತವಲ್ಲ, ಅದರ ಗುಟ್ಟು ತಿರುವುಮುರುವಾಗಿ ಇಲ್ಲಿದೆ. ಕೊಳವೆಯನ್ನು ಅಪ್ಪನ ಕುರ್ಚಿಯ ಕಡೆ ತಿರುಗಿಸಿ, ಸಣ್ಣ ದನಿಯಲ್ಲಿಟ್ಟೆ. "ಈಗ ವಾರ್ತೆ ಓದೋಳಿಗೆ ಹಲ್ಲು ಬಂತು ನೋಡು" ಅಂದರು. 'ಸ' ದಂತ್ಯಾಕ್ಷರ ತಾನೇ! ಇದು ಶ್ರವಣಯಂತ್ರಕ್ಕೆ ಬದಲಲ್ಲ, ಕಿವಿ ಡಾಕ್ಟರ ಹತ್ತಿರ ಹೋಗುವುದು ಹೋಗಲೇಬೇಕು. ಆದರೆ ವಾಲ್ಯೂಮ್ ಎರಡು ಗೆರೆ ಕೆಳಗಿಳಿದಿದೆ, ಗೋಡೆ ಸುಮ್ಮನಿದೆ.

ಒಂದು ಗೇಣು ಪೈಪಿನಲ್ಲಿ ಫಿಟ್ಟಿಂಗ್ ಇದೆ, ಅನುನಾದ ಇದೆ, ಫಿಲ್ಟರ್ ಲೆಕ್ಕ ಇದೆ, ಅಳತೆ ಇದೆ. ಕೊನೆಗೆ ಮನೆಗೆ ಒಯ್ದು ಅಜ್ಜನಿಗೋ ಅಜ್ಜಿಗೋ ಕೇಳಿಸಬಹುದಾದ ವಸ್ತುವೂ ಇದೆ. ವಿ-ಜಾಯಿಂಟನ್ನು ಯಾರಿಗೆ ಕೇಳಿಸೋಣ? ಈ ಕಡೆ ಪಾಠ ಮಾಡುವ ಮೇಷ್ಟ್ರುಗಳು ಯಾರಾದರೂ ಇದ್ದರೆ, ಒಂದೇ ಒಂದು ಬ್ಯಾಚಿಗೆ ಮಾಡಿಸಿ ನೋಡಿ. ಸೀಳಿನ ಆಕಾರ ಬರೆದ ಗ್ರಾಫ್ ಹಾಳೆ ನಾನು ಕೊಡುತ್ತೇನೆ.