ಎಲ್ಲ ಕೆಲಸ ಮುಗಿದ ಮೇಲೆ ಅಂದ್ರೆ ಯಾವಾಗ?

'ಇದೊಂದು ಕೆಲಸ ಮುಗೀಲಿ, ಆಮೇಲೆ ಆರಾಮಾಗಿ ಕೂತ್ಕೋತೀನಿ.'

ಈ ಮಾತನ್ನು ದಿನಕ್ಕೆ ಎಷ್ಟು ಸಲ ಹೇಳುತ್ತೀರಿ, ಒಮ್ಮೆ ಲೆಕ್ಕ ಹಾಕಿ ನೋಡಿ. ಬೆಳಿಗ್ಗೆ ತಿಂಡಿ, ಡಬ್ಬಿ ಮುಗಿಯಲಿ ಎಂದುಕೊಳ್ಳುತ್ತೀರಿ. ಅಷ್ಟರಲ್ಲಿ ಬಟ್ಟೆ ಒಣಗಿಹಾಕಬೇಕು. ಟೆರೇಸಿನಿಂದ ಇಳಿದು ಬರುವಷ್ಟರಲ್ಲಿ ಕುಕ್ಕರ್ ಕೂಗುತ್ತಿರುತ್ತದೆ. ಊಟ ಆಯಿತು, ಇನ್ನು ಸ್ವಲ್ಪ ಅಡ್ಡಾಗೋಣ ಅನ್ನುವಾಗ ಗ್ಯಾಸಿನವನು ಬೆಲ್ ಒತ್ತುತ್ತಾನೆ. ನಾಲ್ಕಕ್ಕೆ ಮಕ್ಕಳು, ಆರಕ್ಕೆ ದೇವರ ದೀಪ, ಎಂಟಕ್ಕೆ ಚಪಾತಿ. ರಾತ್ರಿ ಹತ್ತೂವರೆಗೆ ಹಾಲಿಗೆ ಹೆಪ್ಪು ಹಾಕಿ, ದೋಸೆ ಹಿಟ್ಟು ಮುಚ್ಚಿಟ್ಟು ಸೋಫಾದ ಮೇಲೆ ಕೂತರೆ, ಓದಬೇಕೆಂದು ಎತ್ತಿಟ್ಟ ವಾರಪತ್ರಿಕೆ ಕೈಯಲ್ಲಿರುತ್ತದೆ. ಕಣ್ಣು ಮಾತ್ರ ಮುಚ್ಚಿಕೊಂಡಿರುತ್ತದೆ!

ಆರಾಮ? ಅದು ನಾಳೆಗೆ. ನಾಳೆ ಬಂದಾಗ ನಾಡಿದ್ದಿಗೆ.

ಆಫೀಸಿನ ಕೆಲಸಕ್ಕೆ ಐದು ಗಂಟೆ, ಆರು ಗಂಟೆ ಎಂಬ ಗಡಿಯಾದರೂ ಇದೆ. ಮನೆಗೆಲಸಕ್ಕೆ ಆ ಗಡಿ ಇಲ್ಲ. ತೊಳೆದ ತಟ್ಟೆಯಲ್ಲೇ ಮತ್ತೆ ಊಟ, ಗುಡಿಸಿದ ನೆಲದಲ್ಲೇ ಮತ್ತೆ ಧೂಳು. ಹೀಗಿರುವಾಗ 'ಎಲ್ಲ ಕೆಲಸ ಮುಗಿದ ಮೇಲೆ ಸಂತೋಷ' ಎಂದು ಕಾಯುವವರು ಕಾಯುತ್ತಲೇ ಇರಬೇಕಾಗುತ್ತದೆ. ಆದ್ದರಿಂದ ಸಂತೋಷಕ್ಕೆ ಕೆಲಸದ ನಡುವೆಯೇ ಜಾಗ ಮಾಡಿಕೊಳ್ಳಬೇಕು. ಹಾಲಿನವನಿಗೆ, ಸ್ಕೂಲ್ ವ್ಯಾನಿಗೆ ಹೊತ್ತು ಗೊತ್ತುಮಾಡಿದ ಹಾಗೆ ಇದಕ್ಕೂ ಒಂದು ಹೊತ್ತು ಗೊತ್ತುಮಾಡಬೇಕು.

ಗಡಿಯಾರ ಹೇಳುವ ಸತ್ಯ

ಪುರುಸೊತ್ತಿಲ್ಲ ಎನ್ನುವುದು ಹೆಂಗಸರ ಸುಮ್ಮನೆ ಗೊಣಗಾಟ ಎಂದು ನಗುವವರಿದ್ದಾರೆ. ಅಂಥವರಿಗೆ ಒಂದು ಲೆಕ್ಕ ಹೇಳಿ. ನಮ್ಮ ದೇಶದ ಜನ ದಿನದ 24 ಗಂಟೆಯನ್ನು ಹೇಗೆ ಕಳೆಯುತ್ತಾರೆ ಎಂದು ಕೇಂದ್ರ ಸರ್ಕಾರದ ಅಂಕಿಅಂಶ ಇಲಾಖೆ 2024ರಲ್ಲಿ ಸಮೀಕ್ಷೆ ನಡೆಸಿತು. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ, ಅಂದರೆ ಹತ್ತಿರ ಹತ್ತಿರ ಐದು ಗಂಟೆ. ಮನೆಗೆಲಸಕ್ಕೆ ಕೈಹಾಕುವ ಗಂಡಸರು ಕೊಡುವುದು 88 ನಿಮಿಷ. 2019ರಲ್ಲಿ ಇದೇ ಲೆಕ್ಕ 299 ನಿಮಿಷ ಮತ್ತು 97 ನಿಮಿಷ ಇತ್ತು. ಐದು ವರ್ಷದಲ್ಲಿ ನಮಗೆ ಹತ್ತು ನಿಮಿಷ ಉಳಿಯಿತು, ಅವರಿಗೆ ಒಂಬತ್ತು ನಿಮಿಷ! ಮಕ್ಕಳನ್ನು, ವಯಸ್ಸಾದವರನ್ನು ನೋಡಿಕೊಳ್ಳುವ ಹೊತ್ತು ಇದರಲ್ಲಿ ಸೇರಿಲ್ಲ, ಅದರ ಲೆಕ್ಕ ಬೇರೆ.

ಇಷ್ಟು ದುಡಿದೂ ಎರಡು ನಿಮಿಷ ಸುಮ್ಮನೆ ಕೂತರೆ ಏನೋ ತಪ್ಪು ಮಾಡಿದ ಹಾಗೆ ಅನ್ನಿಸುತ್ತದಲ್ಲ, ಯಾಕೆ? 'ನಾನೇನು ದುಡಿದು ತರ್ತೀನಾ' ಎಂಬ ಮಾತು ನಮ್ಮ ಬಾಯಿಂದಲೇ ಬರುತ್ತದೆ. 2021ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅಪಘಾತ ಪರಿಹಾರದ ಪ್ರಕರಣವೊಂದರಲ್ಲಿ ತೀರ್ಪು ಕೊಡುವಾಗ, ಗೃಹಿಣಿಯ ದುಡಿಮೆಗೂ ಆರ್ಥಿಕ ಬೆಲೆಯಿದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಕು ಎಂದು ಸ್ಪಷ್ಟವಾಗಿ ಹೇಳಿತು. ದೇಶದ ದೊಡ್ಡ ನ್ಯಾಯಾಲಯವೇ ಒಪ್ಪಿದ್ದನ್ನು ನಾವು ಒಪ್ಪಲು ಹಿಂಜರಿಯಬೇಕೇ?

ಒಂದು ಲೋಟ ಬಿಸಿ ಕಾಫಿಯಿಂದ ಶುರು

ದೊಡ್ಡದೇನೂ ಬೇಡ. ಬೆಳಗಿನ ಕಾಫಿಯಿಂದಲೇ ಶುರು ಮಾಡಿ. ಮನೆಮಂದಿಗೆಲ್ಲ ಹಬೆಯಾಡುವ ಕಾಫಿ ಕೊಟ್ಟು, ತನ್ನ ಲೋಟವನ್ನು ಒಲೆಯ ಪಕ್ಕ ಮರೆತು, ಅದು ತಣ್ಣಗಾಗಿ ಕೆನೆ ಕಟ್ಟಿದ ಮೇಲೆ ನಿಂತುಕೊಂಡೇ ಗಟಗಟ ಕುಡಿಯುವವರು ನಮ್ಮಲ್ಲಿ ಎಷ್ಟು ಜನವಿಲ್ಲ! ಅದೇ ಕಾಫಿ, ಅದೇ ಪುಡಿ, ಅದೇ ಹಾಲು. ಆದರೆ ಬೇರೆಯವರು ಕುಡಿದದ್ದು ಕಾಫಿ, ನೀವು ಕುಡಿದದ್ದು ಕಷಾಯ.

ರಾತ್ರಿಯೇ ಫಿಲ್ಟರಿನ ಮೇಲಿನ ಬಟ್ಟಲಿಗೆ ಪುಡಿ ಹಾಕಿ ಸಮ ಮಾಡಿಟ್ಟುಬಿಡಿ. ಬೆಳಿಗ್ಗೆ ಎದ್ದ ಕೂಡಲೇ ಕುದಿಯುವ ನೀರು ಹುಯ್ದರೆ, ಮುಖ ತೊಳೆದು ಬಾಗಿಲಿಗೆ ನೀರು ಹಾಕಿ ರಂಗೋಲಿ ಎಳೆಯುವಷ್ಟರಲ್ಲಿ ಡಿಕಾಕ್ಷನ್ ಇಳಿದಿರುತ್ತದೆ. ಮೊದಲ ಡಿಕಾಕ್ಷನ್ನಿನ ಮೊದಲ ಲೋಟ ನಿಮ್ಮದು. ಕಿಟಕಿಯ ಪಕ್ಕವೋ ಬಾಲ್ಕನಿಯಲ್ಲೋ ಕೂತು ಕುಡಿಯಿರಿ. ಹತ್ತು ನಿಮಿಷ ಸಾಕು. ಆ ಹತ್ತು ನಿಮಿಷದಲ್ಲಿ ಮೊಬೈಲ್ ಒಳಗಿರಲಿ. ಯಾರದೋ ಮನೆಯ ಹೊಸ ಮಾಡ್ಯುಲರ್ ಕಿಚನ್, ಯಾರದೋ ಊಟಿ ಪ್ರವಾಸ ನೋಡುತ್ತಾ ಕೂತರೆ ಕಾಫಿ ಯಾವಾಗ ಮುಗಿಯಿತೆಂದೇ ತಿಳಿಯುವುದಿಲ್ಲ. ಮನಸ್ಸಿಗೆ ಸಣ್ಣ ಹೊಟ್ಟೆಯುರಿ ಬೇರೆ!

ಸಂತೋಷಕ್ಕೊಂದು ಪರೀಕ್ಷೆ

ಇಲ್ಲಿ ಒಂದು ಎಚ್ಚರ ಬೇಕು. ನಮ್ಮ ಮನೆಗಳಲ್ಲಿ ಸಂತೋಷ ಎಂದ ಕೂಡಲೇ ಅಡುಗೆಮನೆಗೆ ಕೆಲಸ ಬೀಳುತ್ತದೆ. ಭಾನುವಾರ ಖುಷಿಯಾಗಿರೋಣ ಎಂದು ಪೂರಿ ಸಾಗು ಮಾಡುತ್ತೀರಿ. ಎಲ್ಲರೂ ಟೀವಿ ಮುಂದೆ ಕೂತು, ಉಬ್ಬಿದ ಪೂರಿಯನ್ನು ಬಿಸಿಬಿಸಿಯಾಗಿ ತಿನ್ನುತ್ತಾರೆ. 'ಅಮ್ಮಾ, ಇನ್ನೆರಡು' ಎಂಬ ಕೂಗಿಗೆ ನೀವು ಬಾಣಲೆಯ ಮುಂದೆ ಬೆವರುತ್ತಾ ಕರಿಯುತ್ತೀರಿ. ಕೊನೆಯಲ್ಲಿ ನಿಮ್ಮ ಪಾಲಿಗೆ ಮೆತ್ತಗಾದ ಮೂರು ಪೂರಿ, ತಳ ಹಿಡಿದ ಸಾಗು. ಮನೆಯವರ ಸಂತೋಷ ನೋಡಿ ನಿಮಗೂ ಸಂತೋಷವಾಗುತ್ತದೆ, ನಿಜ. ಆದರೆ ನಿಮ್ಮದೇ ಆದ ಸಂತೋಷ ಎಲ್ಲಿ?

ಹಾಗಾಗಿ ಸುಲಭದ ಪರೀಕ್ಷೆಯೊಂದಿದೆ. ಆ ಹೊತ್ತಿನಲ್ಲಿ ನೀವೂ ಕೂತಿದ್ದೀರಾ? ನಿಮ್ಮ ತಟ್ಟೆಯೂ ಬಿಸಿಯಾಗಿದೆಯಾ? ಎರಡಕ್ಕೂ ಹೌದು ಅಂದರೆ ಮಾತ್ರ ಅದು ನಿಮ್ಮ ಸಂತೋಷವೂ ಹೌದು. ಪೂರಿಯ ಬದಲು ಒಂದೇ ಪಾತ್ರೆಯಲ್ಲಿ ಬಿಸಿಬೇಳೆ ಬಾತ್ ಮಾಡಿ ನಡುವೆ ಇಟ್ಟು, ಎಲ್ಲರೂ ಅವರವರೇ ಬಡಿಸಿಕೊಳ್ಳಲಿ. ಹುಣ್ಣಿಮೆಯ ದಿನ ಒಂದು ಪಾತ್ರೆ ಮೊಸರನ್ನ, ಉಪ್ಪಿನಕಾಯಿ ಹಿಡಿದು ಟೆರೇಸಿಗೆ ಹೋಗಿ. ಬೆಳದಿಂಗಳೂಟಕ್ಕೆ ಹತ್ತು ಬಗೆ ಬೇಕಿಲ್ಲ. ಕೈತುತ್ತು ಹಾಕಿದರೆ ತೊಳೆಯುವ ತಟ್ಟೆಗಳೂ ಉಳಿಯುತ್ತವೆ. ಮೊಬೈಲ್ ಬಿಟ್ಟು ಕದಲದ ಮಗ ಕೂಡ ಆ ದಿನ ಕೈ ಒಡ್ಡಿ ಕೂರುತ್ತಾನೆ, ನೋಡಿ.

ಒಬ್ಬರೇ ಮಾಡಿದರೆ ಕೆಲಸ, ಸೇರಿ ಮಾಡಿದರೆ ಹರಟೆ

ಚಳಿಗಾಲ ಬಂತೆಂದರೆ ಅವರೆಕಾಯಿ. ಡಿಸೆಂಬರ್, ಜನವರಿಯಲ್ಲಿ ಬೆಂಗಳೂರು, ಮೈಸೂರು ಕಡೆಯ ಮಾರುಕಟ್ಟೆಯಲ್ಲೆಲ್ಲ ಅದರ ಸೊಗಡೇ ಸೊಗಡು. ಎರಡು ಕೆ.ಜಿ. ಅವರೆಯನ್ನು ಒಬ್ಬರೇ ಕೂತು ಸುಲಿದು, ಕಾಳು ನೆನೆಸಿ, ಒಂದೊಂದೇ ಹಿತುಕುವುದು ಎಂದರೆ ಬೆರಳು, ಬೆನ್ನು ಎರಡೂ ಹೋಗುತ್ತವೆ. ಅದೇ ಕಾಯಿಯನ್ನು ಹಾಲಿನ ನಡುವೆ ಪೇಪರ್ ಹಾಸಿ ಸುರಿದು, ಗಂಡ, ಮಕ್ಕಳು, ಅತ್ತೆ ಸುತ್ತ ಕೂತರೆ? ಅರ್ಧ ಗಂಟೆಯಲ್ಲಿ ಖಾಲಿ. ನಡುವೆ ಹುಳ ಕಂಡು ಮಗಳು ಕಿರುಚಿದ್ದಕ್ಕೆ ಒಂದು ನಗು, ಅತ್ತೆಯವರ ಕಾಲದ ಒಂದು ಕಥೆ, ಪಕ್ಕದ ಬೀದಿಯ ಒಂದು ಸುದ್ದಿ. ಹಿತುಕಿದ ಬೇಳೆ ಸಾರಿಗೆ ಆ ದಿನ ರುಚಿ ಹೆಚ್ಚು.

ಬಟ್ಟೆ ಮಡಿಸುವುದಕ್ಕೂ, ಸೊಪ್ಪು ಬಿಡಿಸುವುದಕ್ಕೂ ಇದೇ ಮಾತು. 'ಹೆಲ್ಪ್ ಮಾಡಿ' ಎಂದು ಗಾಳಿಯಲ್ಲಿ ಹೇಳಿದರೆ ಯಾರಿಗೂ ಕೇಳಿಸುವುದಿಲ್ಲ. 'ನೋಡಿ, ರಾತ್ರಿ ಪಾತ್ರೆ ನಿಮ್ಮದು', 'ಪುಟ್ಟಾ, ಬೆಳಿಗ್ಗೆ ನೀರಿನ ಬಾಟಲ್ ತುಂಬಿಸೋದು ನಿಂದು' ಎಂದು ಹೆಸರಿಟ್ಟು ಕೊಡಿ. ಕೊಟ್ಟ ಮೇಲೆ ಹಿಂದೆ ನಿಂತು 'ಅಯ್ಯೋ, ಹೀಗಲ್ಲ' ಎನ್ನಬೇಡಿ. ಪಾತ್ರೆ ಒಂದಿಷ್ಟು ಜಿಡ್ಡು ಉಳಿಸಿಕೊಂಡರೆ ಆಕಾಶ ಕಳಚಿ ಬೀಳುವುದಿಲ್ಲ. ಅದರಿಂದ ಉಳಿದ ಅರ್ಧ ಗಂಟೆಯನ್ನು ಮತ್ತೊಂದು ಕೆಲಸಕ್ಕೆ ಸುರಿಯದಿದ್ದರೆ ಆಯಿತು!

ಮನೆಯೊಳಗಿನ ಕಥೆಗೂ ನಗು ಇದೆ

ಹಾಲು ಉಕ್ಕಿದ್ದು, ನೆಂಟರು ಹೇಳದೆ ಕೇಳದೆ ಬಂದದ್ದು, ಗಂಡನ ಕನ್ನಡಕ ಗಂಡನ ತಲೆಯ ಮೇಲೇ ಇದ್ದದ್ದು, ಇವೆಲ್ಲ ಆ ಗಳಿಗೆಗೆ ಸಿಟ್ಟು ತರಿಸುತ್ತವೆ. ಸಂಜೆ ಗೆಳತಿಗೆ ಹೇಳುವಾಗ ಇದೇ ನಗೆಯ ಬುಗ್ಗೆ. ಟಿ. ಸುನಂದಮ್ಮನವರು ಇಂಥ ಮನೆವಾರ್ತೆಯನ್ನೇ ಹಿಡಿದು 'ಕೊರವಂಜಿ'ಯ ಕಾಲದಿಂದಲೂ ನಗೆಬರಹ ಬರೆದರು. 1979ರಲ್ಲಿ ಕರ್ನಾಟಕ ಲೇಖಕಿಯರ ಸಂಘ ಹುಟ್ಟಿದಾಗ ಅದರ ಮೊದಲ ಅಧ್ಯಕ್ಷೆಯಾದವರೂ ಅವರೇ. ಅಡುಗೆಮನೆಯ ಗಡಿಬಿಡಿ ಸಾಹಿತ್ಯವಾಗಬಲ್ಲದು ಎಂದು ಅವರು ತೋರಿಸಿಕೊಟ್ಟರು.

ನೀವು ಲೇಖಕಿಯಾಗಬೇಕೆಂದಿಲ್ಲ. ಮಕ್ಕಳ ಹಳೆಯ ನೋಟ್‌ಬುಕ್ಕಿನಲ್ಲಿ ಖಾಲಿ ಹಾಳೆಗಳಿರುತ್ತವಲ್ಲ, ಅದರಲ್ಲಿ ದಿನಕ್ಕೆ ಎರಡು ಸಾಲು ಬರೆದಿಡಿ. ಇವತ್ತು ನಗು ಬಂದದ್ದು ಯಾವುದಕ್ಕೆ, ಇಷ್ಟವಾದದ್ದು ಏನು, ಅಷ್ಟೇ. ತಿಂಗಳಾದ ಮೇಲೆ ತಿರುವಿ ಹಾಕಿದರೆ, ನೀವು ಯಾವುದಕ್ಕೆ ಅರಳುತ್ತೀರಿ ಎಂಬುದು ನಿಮಗೇ ಹೊಸದಾಗಿ ಕಾಣುತ್ತದೆ.

ಹೊಸ್ತಿಲು ದಾಟಿದರೆ

ಮನೆಯ ಸಂತೋಷಕ್ಕೆ ಆಗಾಗ ಹೊರಗಿನ ಗಾಳಿಯೂ ಬೇಕು. 2023ರ ಜೂನ್ 11ರಂದು ನಮ್ಮ ರಾಜ್ಯದಲ್ಲಿ ಶಕ್ತಿ ಯೋಜನೆ ಶುರುವಾದಾಗ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ಖರ್ಚು ತಪ್ಪಿತು. ಎಷ್ಟೋ ಗೃಹಿಣಿಯರಿಗೆ ಅದರಿಂದ ಸಿಕ್ಕ ದೊಡ್ಡ ಲಾಭ ದುಡ್ಡಿನದಲ್ಲ. 'ಬಸ್ಸಿಗೆ ಕಾಸು ಕೊಡಿ' ಎಂದು ಕೇಳದೆಯೇ ಹೊರಡಬಹುದು ಎಂಬ ನಿರಾಳ ಅದು. ಮಾರುಕಟ್ಟೆಗೋ ದೇವಸ್ಥಾನಕ್ಕೋ ಹೊರಟಾಗ ಒಬ್ಬ ಗೆಳತಿಯನ್ನು ಜೊತೆ ಕರೆಯಿರಿ. ಬೆಂಗಳೂರಿನವರಾದರೆ ಕಾರ್ತಿಕದ ಕೊನೆಯ ಸೋಮವಾರದ ಹೊತ್ತಿಗೆ ಬಸವನಗುಡಿಯ ಕಡಲೆಕಾಯಿ ಪರಿಷೆ ಇದೆ. ಗಣರಾಜ್ಯೋತ್ಸವ, ಸ್ವಾತಂತ್ರ್ಯೋತ್ಸವದ ಸಮಯದಲ್ಲಿ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನವಿದೆ. ಬೇಸಿಗೆಗೆ ಮುಂಚೆ ರಸ್ತೆಯಂಚಿನ ಟಬೂಬಿಯಾ ಮರಗಳು ಗುಲಾಬಿ ಬಣ್ಣದಲ್ಲಿ ಮೈತುಂಬ ಹೂ ಬಿಟ್ಟಿರುತ್ತವೆ. ಅದಕ್ಕಂತೂ ಟಿಕೆಟ್ಟೂ ಇಲ್ಲ, ಕ್ಯೂನೂ ಇಲ್ಲ.

ವಾಪಸ್ ಬರುವಾಗ ಒಂದು ಮೊಳ ಮಲ್ಲಿಗೆ ಮೊಗ್ಗು ತನ್ನಿ. ಮಧ್ಯಾಹ್ನ ಬಿಗಿಯಾಗಿದ್ದ ಮೊಗ್ಗು ಸಂಜೆಗೆ ತಾನಾಗಿ ಬಿರಿಯುತ್ತದೆ. ದೇವರಿಗೆ ಒಂದು ತುಂಡು, ನಿಮ್ಮ ಜಡೆಗೆ ಒಂದು ತುಂಡು. ಹಬ್ಬವೇ ಬರಬೇಕೆಂದಿಲ್ಲ.

ಇದು ತೇಪೆಯಾಗಬಾರದು

ಇನ್ನೊಂದು ಮಾತನ್ನು ಹೇಳಲೇಬೇಕು. ಸಣ್ಣ ಸಂತೋಷಗಳ ಹೆಸರಿನಲ್ಲಿ ದೊಡ್ಡ ಕಷ್ಟವನ್ನು ಮುಚ್ಚಿಡಬಾರದು. ಹೊರೆಯೆಲ್ಲ ಒಬ್ಬಳ ಹೆಗಲ ಮೇಲಿದ್ದು, 'ಕಾಫಿ ಕುಡಿದು ಖುಷಿಯಾಗಿರಮ್ಮ' ಎಂದು ಉಪದೇಶ ಮಾಡಿದರೆ ಅದು ಅನ್ಯಾಯ. ಹೊರೆ ಹಂಚಿಕೆಯಾಗಬೇಕು, ಸಂತೋಷವೂ ಹಂಚಿಕೆಯಾಗಬೇಕು. ಮನೆಯಲ್ಲಿ ಹೊಡೆತ, ಬೈಗುಳ ಇದ್ದರಂತೂ ಸಹಿಸಿಕೊಂಡು ಕೂರುವುದು ಗುಣವಲ್ಲ, ನಂಬಿಕೆಯವರ ಹತ್ತಿರ ಬಾಯಿಬಿಟ್ಟು ಹೇಳಿ ನೆರವು ಪಡೆಯಬೇಕು.

ಹಾಗೆಯೇ ಎರಡು ವಾರಕ್ಕೂ ಮೇಲ್ಪಟ್ಟು ದಿನವಿಡೀ ಮನಸ್ಸು ಭಾರವಾಗಿದ್ದರೆ, ಇಷ್ಟದ ಹಾಡೂ ಬೇಡ, ಊಟವೂ ಬೇಡ, ನಿದ್ದೆಯೂ ಇಲ್ಲ ಎಂಬಂತಿದ್ದರೆ, ಅದನ್ನು 'ಬರೀ ಬೇಜಾರು' ಎಂದು ತಳ್ಳಿಹಾಕಬೇಡಿ. ಖಿನ್ನತೆ ಒಂದು ಕಾಯಿಲೆ, ಅದಕ್ಕೆ ಚಿಕಿತ್ಸೆಯಿದೆ. ವೈದ್ಯರನ್ನು ಕಾಣಿ. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಗೆ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು.

ಈ ವಾರ ಹೀಗೆ ಮಾಡಿ

* ಬೆಳಗಿನ ಮೊದಲ ಕಾಫಿ ಅಥವಾ ಟೀ ಕೂತುಕೊಂಡೇ ಕುಡಿಯಿರಿ.

* ದಿನದಲ್ಲಿ ಅರ್ಧ ಗಂಟೆಯನ್ನು ಗೊತ್ತುಮಾಡಿ, ಕ್ಯಾಲೆಂಡರಿನಲ್ಲಿ ಬರೆಯಿರಿ. 'ಮೂರರಿಂದ ಮೂರೂವರೆ ನನ್ನನ್ನ ಕರೀಬೇಡಿ' ಎಂದು ಮನೆಯವರಿಗೆ ಮೊದಲೇ ಹೇಳಿ. ಓದುವುದೋ, ರೇಡಿಯೋ ಕೇಳುವುದೋ, ಬಿಟ್ಟುಹೋದ ಕಸೂತಿಯೋ, ನಿಮ್ಮಿಷ್ಟ.

* ಅತ್ತೆಯವರು ಇದ್ದರೆ ಅವರನ್ನೂ ಕೇಳಿ, 'ನಿಮಗೇನು ಇಷ್ಟ ಅತ್ತೆ?' ಅವರನ್ನು ಬಹುಶಃ ಯಾರೂ ಹಾಗೆ ಕೇಳಿರಲಿಕ್ಕಿಲ್ಲ.

* ಮನೆಯ ಒಂದೊಂದು ಕೆಲಸವನ್ನು ಒಬ್ಬೊಬ್ಬರ ಹೆಸರಿಗೆ ಬರೆದು ಫ್ರಿಜ್ಜಿನ ಮೇಲೆ ಅಂಟಿಸಿ.

* ಎತ್ತಿಟ್ಟ ಒಳ್ಳೆಯ ಲೋಟ, ಬೆಡ್‌ಶೀಟ್, ಸೀರೆಗಳಲ್ಲಿ ಒಂದನ್ನಾದರೂ ಹೊರಗೆ ತೆಗೆಯಿರಿ. ನೆಂಟರಿಗೆ ಸಲ್ಲುವುದು ನಿಮಗೂ ಸಲ್ಲುತ್ತದೆ.

ಮೊದಮೊದಲು ಮನೆಯವರು 'ಏನಿದು ಹೊಸದು?' ಎನ್ನಬಹುದು. ಒಂದು ವಾರ ಅನ್ನುತ್ತಾರೆ, ಎರಡನೆಯ ವಾರ ಒಗ್ಗಿಹೋಗುತ್ತಾರೆ. ಮಗಳು ನಿಮ್ಮನ್ನು ನೋಡುತ್ತಿರುತ್ತಾಳೆ, ಮಗನೂ ಅಷ್ಟೇ. ಅಮ್ಮ ಎಂದರೆ ಸದಾ ನಿಂತೇ ಇರುವವಳು ಎಂದು ಅವರು ಕಲಿಯಬೇಕೋ, ಅಮ್ಮನಿಗೂ ಒಂದು ಕುರ್ಚಿ, ಒಂದು ಬಿಸಿ ಲೋಟ, ಅರ್ಧ ಗಂಟೆ ಇದೆ ಎಂದು ಕಲಿಯಬೇಕೋ, ನೀವೇ ಹೇಳಿ. ಸಿಂಕಿನಲ್ಲಿ ನಾಲ್ಕು ಪಾತ್ರೆ ಇದ್ದರೆ ಇರಲಿ ಬಿಡಿ, ಅವು ಎಲ್ಲಿಗೂ ಓಡಿಹೋಗುವುದಿಲ್ಲ.