ಕೊಡ ಎಣಿಸುವ ಪಾಠ

ಕಳೆದ ಬೇಸಿಗೆಯಲ್ಲಿ ಒಂದು ದಿನ ಅಸ್ರ್ ನಮಾಝ್ ಮುಗಿಸಿ ಮನೆಗೆ ಬಂದಾಗ ನೆರೆಮನೆಯ ಸಹೋದರಿ ನನ್ನ ಪತ್ನಿಯೊಡನೆ ಮಾತನಾಡುತ್ತಾ ಕುಳಿತಿದ್ದರು. ನನ್ನನ್ನು ಕಂಡೊಡನೆ ಮಗಳ ಮೇಲಿನ ದೂರನ್ನು ಮುಂದಿಟ್ಟರು. ಮಗಳು ಪದವಿ ಮೊದಲ ವರ್ಷದಲ್ಲಿದ್ದಾಳೆ. ಚಿಕ್ಕವಳಿದ್ದಾಗ ಮದ್ರಸದಲ್ಲಿ ನನ್ನ ವಿದ್ಯಾರ್ಥಿನಿಯಾಗಿದ್ದವಳು. ಪರಿಸರ ಅಧ್ಯಯನದ ಪಾಠಕ್ಕಾಗಿ ಒಂದು ವಾರ ಮನೆಯಲ್ಲಿ ಖರ್ಚಾಗುವ ನೀರನ್ನು ಅಳೆದು ಬರೆದು ತರಬೇಕೆಂದು ಕಾಲೇಜಿನಲ್ಲಿ ಹೇಳಿದ್ದರಂತೆ.

“ಉಸ್ತಾದರೇ, ಪಾತ್ರೆ ತೊಳೆಯುವಾಗ ಕೊಡ ಎಣಿಸುತ್ತಾಳೆ, ಬಟ್ಟೆ ಒಗೆಯುವಾಗ ಬಕೆಟ್ ಎಣಿಸುತ್ತಾಳೆ. ಅವಳ ಬಾಪ ವುಝೂ ಮಾಡುವಾಗ ನಲ್ಲಿಯ ಕೆಳಗೆ ಬಕೆಟ್ ಹಿಡಿದು ನಿಲ್ಲುತ್ತಾಳೆ. ಗೆಳತಿಯರೆಲ್ಲ ಒಬ್ಬಳದ್ದನ್ನು ನೋಡಿ ಬರೆದು ಕೊಟ್ಟಾಯಿತು. ಇವಳಿಗೆ ಮಾತ್ರ ಈ ಹಟ. ಫೀಸು ಕಟ್ಟಿ ಕಾಲೇಜಿಗೆ ಕಳಿಸಿದ್ದು ಕೊಡ ಎಣಿಸಲಿಕ್ಕಾ?”

ಅವರ ಪ್ರಶ್ನೆ ನನ್ನನ್ನು ಯೋಚನೆಗೆ ಹಚ್ಚಿತು. ನಮ್ಮ ಬಹಳಷ್ಟು ತಾಯಂದಿರಿಗೆ ಈ ಸಂಶಯವಿದೆ. ಕಾಲೇಜು, ವಿಶ್ವವಿದ್ಯಾನಿಲಯಗಳಲ್ಲಿ ಪರಿಸರದ ಹೆಸರಿನಲ್ಲಿ ಕೋರ್ಸುಗಳು, ದಿನಾಚರಣೆಗಳು, ಗಿಡ ನೆಡುವ ಕಾರ್ಯಕ್ರಮಗಳು ನಡೆಯುತ್ತವೆ. ಇವುಗಳಿಂದ ಮನೆಗೇನು ಪ್ರಯೋಜನ?

ಈ ಪಾಠ ತಾನಾಗಿ ಬಂದದ್ದಲ್ಲ. ವಕೀಲ ಎಂ.ಸಿ. ಮೆಹ್ತಾ ಅವರು ಸಲ್ಲಿಸಿದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು 1991ರಲ್ಲಿ ತೀರ್ಪು ನೀಡಿ, ಶಾಲಾ ಕಾಲೇಜುಗಳಲ್ಲಿ ಪರಿಸರ ಶಿಕ್ಷಣ ಕಡ್ಡಾಯವಾಗಬೇಕೆಂದಿತು. ವರ್ಷಗಳು ಉರುಳಿದರೂ ಎಲ್ಲೆಡೆ ಅದು ಜಾರಿಯಾಗದಿದ್ದಾಗ 2003ರಲ್ಲಿ ನ್ಯಾಯಾಲಯ ಮತ್ತೆ ಎಚ್ಚರಿಸಬೇಕಾಯಿತು. ಆ ಹೊತ್ತಿಗೆ ವಿಶ್ವವಿದ್ಯಾನಿಲಯ ಅನುದಾನ ಆಯೋಗವು ಪದವಿ ತರಗತಿಗಳಿಗೆ ಆರು ತಿಂಗಳ ಪಠ್ಯವನ್ನು ರೂಪಿಸಿತ್ತು. ಅದರಲ್ಲಿ 100 ಅಂಕಗಳ ಪೈಕಿ 25 ಅಂಕ ಹೊರಗೆ ಹೋಗಿ ಕಣ್ಣಾರೆ ಕಂಡು ಬರೆಯುವ ಕೆಲಸಕ್ಕೇ ಮೀಸಲಾಗಿತ್ತು. ಆದರೆ ನೋಡಿ ಬರೆಯುವ ಚಾಳಿ ಆ 25 ಅಂಕಗಳನ್ನೇ ಮೊದಲು ನುಂಗಿತು. ಹಾಗಾಗಿ ಈ ಹುಡುಗಿಯ ಹಟದ ಬಗ್ಗೆ ನನಗೆ ಗೌರವ ಮೂಡಿತು.

ಎಣಿಸುವುದರಿಂದ ಏನಾಗುತ್ತದೆ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಒಂದು ಉದಾಹರಣೆಯಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ ‘ಅಸ್ತ್ರ’ ಎಂಬ ಕೇಂದ್ರ ಆರಂಭವಾಯಿತು. ವಿಜ್ಞಾನವನ್ನು ಹಳ್ಳಿಗಳ ಉಪಯೋಗಕ್ಕೆ ತರುವುದು ಅದರ ಗುರಿ. ದೊಡ್ಡ ಯಂತ್ರಗಳ ನಡುವೆ ಇರಬೇಕಾದ ವಿಜ್ಞಾನಿಗಳು ತುಮಕೂರು ಜಿಲ್ಲೆಯ ಉಂಗ್ರ ಮತ್ತು ಸುತ್ತಲಿನ ಹಳ್ಳಿಗಳಿಗೆ ಹೋದರು. ಆರು ಹಳ್ಳಿಗಳ ಮನೆಮನೆಗೆ ಹೋಗಿ, ಎಷ್ಟು ಸೌದೆ ಉರಿಯುತ್ತದೆ, ಅದನ್ನು ತರುವವರು ಯಾರು, ನೀರು ಹೊರುವವರು ಯಾರು, ಅದಕ್ಕೆ ಎಷ್ಟು ಹೊತ್ತು ಬೇಕು ಎಂದು ಲೆಕ್ಕ ಹಾಕಿದರು. ಹಳ್ಳಿಯ ಮುಖ್ಯ ಇಂಧನ ಕರೆಂಟೂ ಅಲ್ಲ, ಸೀಮೆ ಎಣ್ಣೆಯೂ ಅಲ್ಲ, ಸೌದೆ ಎಂಬುದು ಆ ಲೆಕ್ಕದಿಂದ ಸ್ಪಷ್ಟವಾಯಿತು. ಅದರ ಹಿಂದಿರುವ ಹೆಂಗಸರ ಮತ್ತು ಮಕ್ಕಳ ದುಡಿಮೆಯೂ ಮೊದಲ ಬಾರಿಗೆ ಕಾಗದದ ಮೇಲೆ ಬಂತು.

ಅಲ್ಲಿಂದ ಹುಟ್ಟಿದ್ದು ‘ಅಸ್ತ್ರ ಒಲೆ’. ನಮ್ಮ ಅಜ್ಜಿಯಂದಿರ ಒಲೆಯಲ್ಲಿ ಸೌದೆಯ ಶಾಖದ ಸುಮಾರು ಹತ್ತರಲ್ಲೊಂದು ಪಾಲು ಮಾತ್ರ ಪಾತ್ರೆಗೆ ತಲುಪುತ್ತಿತ್ತು. ಉಳಿದದ್ದು ಗಾಳಿಗೆ, ಹೊಗೆ ಮಾತ್ರ ಊದುವವಳ ಎದೆಗೆ. ಹೊಸ ಒಲೆಗೆ ಕೆಳಗೆ ಕಬ್ಬಿಣದ ಜಾಲರಿ, ಮೇಲೆ ಸಾಲಾಗಿ ಪಾತ್ರೆ ಇಡುವ ಕುಳಿಗಳು, ಹೊಗೆ ಹೊರಹೋಗಲು ಕೊಳವೆ. ಸೌದೆ ಉಳಿಯಿತು, ಹೊಗೆ ಅಡುಗೆ ಕೋಣೆ ಬಿಟ್ಟು ಹೊರಗೆ ಹೋಯಿತು. ಸರಿಯಾಗಿ ಕಟ್ಟದ, ಕೊಳವೆ ಶುಚಿಗೊಳಿಸದ ಮನೆಗಳಲ್ಲಿ ಇಂಥ ಒಲೆಗಳು ಮೂಲೆ ಸೇರಿದ್ದೂ ನಿಜ. ಇಂದು ಹೆಚ್ಚಿನ ಮನೆಗಳಿಗೆ ಗ್ಯಾಸ್ ಬಂದಿದೆ. ಆದರೆ ಹೆಣ್ಣಿನ ಕೆಮ್ಮು ವಿಜ್ಞಾನದ ಪ್ರಶ್ನೆ ಎಂದು ಒಂದು ಕ್ಯಾಂಪಸ್ ಒಪ್ಪಿಕೊಂಡದ್ದು ಸಣ್ಣ ಮಾತಲ್ಲ.

ಆ ಭಾಗದ ಪುರ ಎಂಬ ಹಳ್ಳಿಯಲ್ಲಿ ವಿಜ್ಞಾನಿಗಳೇ ಪಾಠ ಕಲಿತರು. ಊರಿಗೆಲ್ಲ ಸೆಗಣಿ ಅನಿಲದಿಂದ ಅಡುಗೆ ಮಾಡಿಸಬೇಕೆಂದು ಹೊರಟರು. ಅಷ್ಟು ಸೆಗಣಿ ಅಲ್ಲಿರಲಿಲ್ಲ, ಯೋಜನೆ ಕೈಕೊಟ್ಟಿತು. ಆಮೇಲೆ ಊರವರನ್ನೇ ಕೇಳಿದಾಗ ಅವರ ಮೊದಲ ಬೇಡಿಕೆ ನೀರು. ಅದೇ ಅನಿಲದಿಂದ ಕರೆಂಟು ಮಾಡಿ, ಕೊಳವೆ ಬಾವಿಯಿಂದ ನೀರೆತ್ತಿ ನಲ್ಲಿಗಳಿಗೆ ಹರಿಸಲಾಯಿತು, ಮನೆಗಳಿಗೆ ದೀಪ ಬಂತು. 1987ರಿಂದ ಹಲವು ವರ್ಷ ಅದು ನಡೆಯಿತು. ಎಣಿಸುವುದರ ಜೊತೆಗೆ ಕೇಳುವುದೂ ಪರಿಸರ ಪಾಠವೇ ಎಂದು ಇದರಿಂದ ತಿಳಿಯುತ್ತದೆ.

ನೀರಿನ ಲೆಕ್ಕಕ್ಕೂ ಅದೇ ಆವರಣದಲ್ಲಿ ಮಾದರಿಯಿದೆ. ಅಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯಲ್ಲಿ ವಿಜ್ಞಾನಿಯಾಗಿದ್ದ ಎ.ಆರ್. ಶಿವಕುಮಾರ್ ಅವರು 1995ರಲ್ಲಿ ಬೆಂಗಳೂರಿನಲ್ಲಿ ಕಟ್ಟಿಸಿದ ತಮ್ಮ ಮನೆಗೆ ಜಲಮಂಡಳಿಯ ನಲ್ಲಿ ಹಾಕಿಸದೆ ಮಳೆನೀರಿನಿಂದಲೇ ಸಂಸಾರ ನಡೆಸಿ ತೋರಿಸಿದರು. ತಾವು ಬೋಧಿಸಿದ್ದನ್ನು ಮೊದಲು ತಮ್ಮ ಮನೆಯಲ್ಲಿ ಮಾಡಿದರು.

ಬೆಂಗಳೂರಿಗಿಂತ ಎಷ್ಟೋ ಪಟ್ಟು ಹೆಚ್ಚು ಮಳೆ ಬೀಳುವ ನಮ್ಮ ಕರಾವಳಿಯ ಲೆಕ್ಕವನ್ನೂ ನೋಡಿರಿ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ನೂರು ಚದರ ಮೀಟರಿನ ಮಾಡಿನ ಮೇಲೆ ವರ್ಷಕ್ಕೆ 3,500 ಮಿಲಿಮೀಟರ್ ಮಳೆ ಬಿದ್ದರೆ ಮೂರೂವರೆ ಲಕ್ಷ ಲೀಟರ್! ಅಷ್ಟನ್ನೂ ಚರಂಡಿಗೆ ಬಿಟ್ಟು, ಎಪ್ರಿಲ್ ತಿಂಗಳಲ್ಲಿ ಬತ್ತಿದ ಬಾವಿಯೊಳಗೆ ಬಗ್ಗಿ ನೋಡುವವರು ನಾವೇ. ಮಾಡಿನ ನೀರನ್ನು ಸೋಸಿ ಬಾವಿಗೋ ಇಂಗುಗುಂಡಿಗೋ ಬಿಡುವುದು ಒಬ್ಬ ಪ್ಲಂಬರನ ಒಂದೆರಡು ದಿನದ ಕೆಲಸ.

ವಾರದ ನಂತರ ಆ ಹುಡುಗಿ ತನ್ನ ಪುಸ್ತಕ ತಂದು ತೋರಿಸಿದಳು. ಕಾಲೇಜಿನವರು ಕೇಳದ ಒಂದು ಕಲಮನ್ನು ಅವಳೇ ಸೇರಿಸಿದ್ದಳು: ‘ಬಾವಿಯಿಂದ ಸೇದಿದವರು’. ಪಂಪಿಗೆ ನೀರು ಸಿಗದ ಆ ದಿನಗಳಲ್ಲಿ ಏಳೂ ದಿನ ಹೆಚ್ಚಿನ ಕೊಡಗಳ ಮುಂದೆ ಒಂದೇ ಪದವಿತ್ತು: ‘ಉಮ್ಮ’. ಅವಳ ಬಾಪ ಆ ಪುಟವನ್ನು ಓದಿ ಏನೂ ಹೇಳಲಿಲ್ಲವಂತೆ. ಮರುದಿನ ಸುಬ್ಹ್ ನಮಾಝಿನ ಬಳಿಕ ಬಾವಿಯ ರಾಟೆಯ ಸದ್ದು ಕೇಳಿ ಉಮ್ಮ ಎದ್ದು ಬಂದರೆ, ಎರಡು ಕೊಡ ತುಂಬಿತ್ತು.

ಸಹೋದರಿಯರೇ, ನಿಮ್ಮ ಮಗ ಅಥವಾ ಮಗಳು ಪರಿಸರದ ಪಾಠವೆಂದು ಅಡುಗೆ ಕೋಣೆಗೆ ಪುಸ್ತಕ ಹಿಡಿದು ಬಂದರೆ ಗದರಿಸಿ ಕಳಿಸಬೇಡಿ. ಕೊಡವನ್ನು ಅವರ ಕೈಗೆ ಕೊಡಿ, ಎಣಿಸಲಿ. ಗಂಡು ಮಕ್ಕಳಾದರೆ ಸೇದಿ ಎಣಿಸಲಿ.